ಡೆಟ್ರಾಯಿಟ್‌ನ ಶಾಲೆಗಳು ಮತ್ತು ದಾಟಲಾಗದ ಗಡಿ

ಪ್ರಶ್ನೆ: ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿ ಓದಿಸುವುದು ಸಂವಿಧಾನಬಾಹಿರವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿತಲ್ಲವೇ? ಆದರೂ ಅಲ್ಲಿನ ದೊಡ್ಡ ನಗರಗಳಲ್ಲಿ ಈ ವಿಂಗಡಣೆ ಉಳಿದದ್ದು ಹೇಗೆ?

ಉತ್ತರ: 1954ರ ಬ್ರೌನ್ ತೀರ್ಪು ರದ್ದುಪಡಿಸಿದ್ದು, ಬಣ್ಣ ನೋಡಿ ಶಾಲೆ ಗೊತ್ತುಮಾಡುವ ಕಾನೂನನ್ನು. ಉತ್ತರದ ಕೈಗಾರಿಕಾ ನಗರಗಳಲ್ಲಿ ಅಂಥ ಕಾನೂನು ಬೇಕಾಗಿಯೇ ಇರಲಿಲ್ಲ. ಮಗು ಯಾವ ಶಾಲೆಗೆ ಹೋಗಬೇಕೆಂಬುದನ್ನು ಮನೆಯ ವಿಳಾಸ ತೀರ್ಮಾನಿಸುತ್ತಿತ್ತು, ಮನೆ ಎಲ್ಲಿ ಸಿಗುತ್ತದೆಂಬುದನ್ನು ಮೈಬಣ್ಣ ತೀರ್ಮಾನಿಸುತ್ತಿತ್ತು. ಮಿಷಿಗನ್ ರಾಜ್ಯದ ಡೆಟ್ರಾಯಿಟ್‌ನಲ್ಲಿ ‘ಏಯ್ಟ್ ಮೈಲ್’ ಎಂಬ ಹೆಸರಿನ ರಸ್ತೆಯ ಬಳಿ ಬಿಳಿಯರಿಗಾಗಿ ಬಡಾವಣೆ ಮಾಡಹೊರಟ ಬಿಲ್ಡರ್ ಒಬ್ಬರು, ಪಕ್ಕದಲ್ಲೇ ಕಪ್ಪು ಜನರ ಮನೆಗಳಿವೆಯೆಂಬ ಕಾರಣಕ್ಕೆ ಸರ್ಕಾರದ ಸಾಲಖಾತರಿ ಸಿಗದಿದ್ದಾಗ, 1941ರಲ್ಲಿ ನಡುವೆ ಆರಡಿ ಎತ್ತರದ, ಸುಮಾರು ಅರ್ಧ ಮೈಲಿ ಉದ್ದದ ಗೋಡೆಯನ್ನೇ ಕಟ್ಟಿಸಿ ಖಾತರಿ ಪಡೆದರು.

ಇದಕ್ಕಿಂತ ಗಟ್ಟಿಯಾದ ಗೋಡೆಯೆಂದರೆ ‘ಸ್ಕೂಲ್ ಡಿಸ್ಟ್ರಿಕ್ಟ್’. ನಮ್ಮ ಜಿಲ್ಲೆಗೂ ಇದಕ್ಕೂ ಸಂಬಂಧವಿಲ್ಲ. ಇದು ತನ್ನದೇ ಆಡಳಿತ ಮಂಡಳಿಯುಳ್ಳ, ಬಹುಮಟ್ಟಿಗೆ ಸ್ಥಳೀಯ ಆಸ್ತಿ ತೆರಿಗೆಯನ್ನು ನೆಚ್ಚಿಕೊಂಡ ಶಾಲಾ ಪ್ರದೇಶ. (ಅಮೆರಿಕದಲ್ಲಿ ಮನೆ ಹುಡುಕುವ ನಮ್ಮವರೂ ಮೊದಲು ವಿಚಾರಿಸುವುದು ಇದನ್ನೇ.) ಬಿಳಿಯ ಕುಟುಂಬಗಳು ಉಪನಗರಗಳಿಗೆ ಹೋದಂತೆ ತೆರಿಗೆಯ ಹಣವೂ ಗಡಿಯಾಚೆ ಹೋಯಿತು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಮೆಕ್ಸಿಕನ್ ಮೂಲದವರೇ ಹೆಚ್ಚಾಗಿದ್ದ ಎಜ್‌ವುಡ್ ಡಿಸ್ಟ್ರಿಕ್ಟ್‌ನ ಜನ, ಸಿರಿವಂತ ಅಲಾಮೊ ಹೈಟ್ಸ್‌ನವರಿಗಿಂತ ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟಿಯೂ, ಅಲ್ಲಿ ಪ್ರತಿ ಮಗುವಿಗೆ 594 ಡಾಲರ್ ಖರ್ಚಾಗುತ್ತಿದ್ದಾಗ ತಮ್ಮ ಮಕ್ಕಳಿಗೆ 356 ಡಾಲರ್ ಮಾತ್ರ ಒದಗಿಸಬಲ್ಲವರಾಗಿದ್ದರು. ಇದು ಸಂವಿಧಾನದ ಉಲ್ಲಂಘನೆಯಲ್ಲವೆಂದು 1973ರಲ್ಲಿ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಹೇಳಿತು.

ನನ್ನ ದೃಷ್ಟಿಯಲ್ಲಿ ನಿರ್ಣಾಯಕವಾದದ್ದು ಮರುವರ್ಷದ ಡೆಟ್ರಾಯಿಟ್ ತೀರ್ಪು. ನಗರದೊಳಗೆ ಬಿಳಿಯ ವಿದ್ಯಾರ್ಥಿಗಳೇ ಕಡಿಮೆಯಾಗಿರುವಾಗ ನಗರದ ಶಾಲೆಗಳನ್ನಷ್ಟೇ ಬೆರೆಸಿ ಫಲವಿಲ್ಲವೆಂದು ಕಂಡ ಕೆಳ ನ್ಯಾಯಾಲಯದ ನ್ಯಾಯಾಧೀಶ ಸ್ಟೀಫನ್ ರಾತ್, ಸುತ್ತಲಿನ 53 ಡಿಸ್ಟ್ರಿಕ್ಟ್‌ಗಳನ್ನೂ ಮಕ್ಕಳನ್ನು ಬೆರೆಸುವ ಯೋಜನೆಯೊಳಗೆ ತಂದಿದ್ದರು. ಉಪನಗರಗಳು ತಪ್ಪೆಸಗಿದ್ದು ಸಾಬೀತಾಗಿಲ್ಲವೆಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು, ಅದೂ 5-4ರಲ್ಲೇ. ಬ್ರೌನ್ ಪ್ರಕರಣದಲ್ಲಿ ವಕೀಲರಾಗಿ ವಾದಿಸಿ ಗೆದ್ದಿದ್ದ ಥರ್ಗುಡ್ ಮಾರ್ಷಲ್ ಈಗ ನ್ಯಾಯಮೂರ್ತಿಯಾಗಿ ಭಿನ್ನಮತ ಬರೆದು, ಪ್ರತಿ ಮಹಾನಗರವೂ ಬಿಳಿಯರದೊಂದು, ಕಪ್ಪು ಜನರದೊಂದು ಎಂದು ಎರಡು ನಗರಗಳಾಗಿ ಒಡೆಯಲು ಬಿಟ್ಟರೆ ಮುಂದೆ ಪರಿತಪಿಸಬೇಕಾದೀತೆಂದು ಎಚ್ಚರಿಸಿದರು.

ಅದೇ ಮೊಕದ್ದಮೆ 1977ರಲ್ಲಿ ಮರಳಿ ಬಂದಾಗ, ಡೆಟ್ರಾಯಿಟ್ ಮಕ್ಕಳ ಓದಿನ ತರಗತಿ, ಶಿಕ್ಷಕರ ತರಬೇತಿ ಮುಂತಾದವುಗಳ ವೆಚ್ಚದಲ್ಲಿ ಅರ್ಧವನ್ನು ಮಿಷಿಗನ್ ರಾಜ್ಯ ಭರಿಸಬೇಕೆಂಬ ಆದೇಶವನ್ನು ಕೋರ್ಟ್ ಎತ್ತಿಹಿಡಿಯಿತು. 53 ಡಿಸ್ಟ್ರಿಕ್ಟ್‌ಗಳ ಗಡಿಯನ್ನು ಮುಟ್ಟಲಿಲ್ಲ.