ತೆಂಗಿನ ಬುಡದ ಉಪ್ಪು ಮತ್ತು ಒಂದನೇ ಗುಂಪು

ಕಾಸರಗೋಡಿನ ಮುರಮಣ್ಣಿನಲ್ಲಿ ತೆಂಗಿನ ಸಸಿ ನೆಡುವಾಗ ಗುಂಡಿಗೆ ಉಪ್ಪು ಹಾಕುವ ರೂಢಿ ಇದೆ. ಗಟ್ಟಿ ಮುರ ಸಡಿಲವಾಗಲಿ ಎಂಬುದು ಒಂದು ಉದ್ದೇಶ. ಇನ್ನೊಂದು ಪ್ರಯೋಜನ ಮರದೊಳಗೆ ನಡೆಯುವಂಥದ್ದು. ತೆಂಗು ಪೊಟ್ಯಾಸಿಯಂ ಅನ್ನು ಧಾರಾಳವಾಗಿ ಬೇಡುವ ಬೆಳೆ. ಅದು ಸಾಲದೆ ಹೋದಾಗ ಉಪ್ಪಿನಲ್ಲಿರುವ ಸೋಡಿಯಂ ಅದರ ಕೆಲಸದ ಒಂದು ಪಾಲನ್ನು ವಹಿಸಿಕೊಳ್ಳಬಲ್ಲದು. ಉಪ್ಪಿನ ಕ್ಲೋರಿನ್ ಕೂಡ ತೆಂಗಿಗೆ ಬೇಕಾದದ್ದೇ.

ಸೋಡಿಯಂಗೆ ಈ ಸಾಮರ್ಥ್ಯ ಎಲ್ಲಿಂದ ಬಂತು? ಧಾತುಗಳನ್ನೆಲ್ಲ ಕ್ರಮವಾಗಿ ಜೋಡಿಸಿಟ್ಟ ಆವರ್ತಕ ಕೋಷ್ಟಕದಲ್ಲಿ ಅದರ ನೇರ ಕೆಳಗಿನ ಮನೆ ಪೊಟ್ಯಾಸಿಯಂನದು. ಸೋಡಿಯಂನ 11 ಎಲೆಕ್ಟ್ರಾನುಗಳು 2, 8, 1 ಎಂದು ಕವಚಗಳಲ್ಲಿ ಹಂಚಿಕೊಂಡಿವೆ. ಪೊಟ್ಯಾಸಿಯಂನ 19 ಎಲೆಕ್ಟ್ರಾನುಗಳು 2, 8, 8, 1 ಎಂದು. ಎರಡರಲ್ಲೂ ಹೊರಕವಚದಲ್ಲಿರುವುದು ಒಂದೇ ಒಂದು. ಅದನ್ನು ಸುಲಭವಾಗಿ ಬಿಟ್ಟುಕೊಟ್ಟು ಎರಡೂ ಒಂದು ಧನ ಆವೇಶದ ಅಯಾನುಗಳಾಗುತ್ತವೆ. ಸೋಡಿಯಂನ ಬಲಗಡೆಯ ಮೆಗ್ನೀಸಿಯಂ ಪರಮಾಣು ತೂಕದಲ್ಲಿ ಅದಕ್ಕೆ ತೀರಾ ಹತ್ತಿರ, 23ಕ್ಕೆ 24. ಆದರೆ ಮೆಗ್ನೀಸಿಯಂ ಬಿಡುವುದು ಎರಡು ಎಲೆಕ್ಟ್ರಾನು, ಹಾಗಾಗಿ ಅದರ ನಡತೆಯೇ ಬೇರೆ. ನೆಂಟಸ್ತಿಕೆ ಇರುವುದು ಅಡ್ಡಸಾಲಿನಲ್ಲಲ್ಲ, ಕಂಬಸಾಲಿನಲ್ಲಿ. ಈ ಕಂಬಸಾಲಿಗೇ ಗುಂಪು ಎಂದು ಹೆಸರು; ಸೋಡಿಯಂ, ಪೊಟ್ಯಾಸಿಯಂ ಇರುವುದು ಒಂದನೇ ಗುಂಪಿನಲ್ಲಿ. ನಮ್ಮ ಕನ್ನಡ ಮಾಧ್ಯಮದ ಮಕ್ಕಳು 118 ಧಾತುಗಳ ಹೆಸರು ಬಾಯಿಪಾಠ ಮಾಡುವ ಮೊದಲು ಇದೊಂದನ್ನು ತಿಳಿಯಬೇಕೆಂಬುದು ನನ್ನ ಆಸೆ. (ಹೈಡ್ರೋಜನ್ ಮಾತ್ರ ಒಂದನೇ ಗುಂಪಿನ ತಲೆಯ ಮೇಲೆ ಕೂತಿದ್ದರೂ ಉಳಿದವರಂತೆ ಲೋಹವಲ್ಲ.)

ಹೋಲಿಕೆ ಎಂದರೆ ಸಮಾನತೆಯಲ್ಲ. ನಮ್ಮ ಜೀವಕೋಶಗಳು ಸೋಡಿಯಂ ಅನ್ನು ಹೊರಗೆ ತಳ್ಳಿ ಪೊಟ್ಯಾಸಿಯಂ ಅನ್ನು ಒಳಗೆ ಎಳೆದುಕೊಳ್ಳುತ್ತವೆ. ಎರಡನ್ನೂ ಬೇರೆಬೇರೆಯಾಗಿ ಗುರುತಿಸುತ್ತವೆ. ಆದರೆ ಅದೇ ಗುಂಪಿನ ಸೀಸಿಯಂ ಎದುರು ಅವು ಮೋಸಹೋಗುತ್ತವೆ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತದಲ್ಲಿ ಹರಡಿದ ವಿಕಿರಣಶೀಲ ಸೀಸಿಯಂ-137 ಪೊಟ್ಯಾಸಿಯಂ ಹಾದಿಯಲ್ಲೇ ಹುಲ್ಲಿಗೆ, ದನಕ್ಕೆ, ಹಾಲಿಗೆ ಸೇರಿತು. ಎರಡನೇ ಗುಂಪಿನ ಸ್ಟ್ರಾನ್ಷಿಯಂ-90 ಕ್ಯಾಲ್ಸಿಯಂನಂತೆ ಎಲುಬಿನಲ್ಲಿ ಮನೆಮಾಡುತ್ತದೆ.

ಅಡುಗೆಮನೆಯ ಅಯೋಡಿನ್ ಉಪ್ಪಿನಲ್ಲೂ ಇದೇ ಗುಂಪುಗಾರಿಕೆ ಕಾಣುತ್ತದೆ. ಸೋಡಿಯಂ ಕ್ಲೋರೈಡಿಗೆ ಬೆರೆಸುವುದು ಪೊಟ್ಯಾಸಿಯಂ ಅಯೋಡೇಟ್. ಒಂದನೇ ಗುಂಪಿನ ಇಬ್ಬರು, ಹದಿನೇಳನೆಯದರ ಇಬ್ಬರು. ಹದಿನೇಳನೇ ಗುಂಪಿನವಕ್ಕೆ ಹೊರಕವಚದಲ್ಲಿ ಏಳು ಎಲೆಕ್ಟ್ರಾನು, ಇನ್ನೊಂದಕ್ಕಾಗಿ ಹಂಬಲ.

ಈ ಅಯೋಡಿನ್ನನ್ನು ಕ್ಲೋರಿನ್ ಗುಂಪಿಗೆ ಸೇರಿಸಲು, ಆವರ್ತಕ ಕೋಷ್ಟಕವನ್ನು ರೂಪಿಸಿದ ರಷ್ಯಾದ ವಿಜ್ಞಾನಿ ಮೆಂಡಲೀವ್ 1869ರಲ್ಲಿ ಗಟ್ಟಿ ನಿರ್ಧಾರ ಮಾಡಬೇಕಾಯಿತು. ಪರಮಾಣು ತೂಕದ ಕ್ರಮ ಹಿಡಿದರೆ ಅಯೋಡಿನ್ ಟೆಲ್ಲುರಿಯಂ ಎಂಬ ಧಾತುವಿಗಿಂತ ಮೊದಲು ಬರಬೇಕಿತ್ತು. ಅವರು ತೂಕವನ್ನು ಬದಿಗಿಟ್ಟು ನಡತೆಯನ್ನು ನಂಬಿದರು. ಟೆಲ್ಲುರಿಯಂನ ತೂಕವನ್ನೇ ತಪ್ಪಾಗಿ ಅಳೆದಿದ್ದಾರೆಂದು ಭಾವಿಸಿದರು. ತೂಕ ಸರಿಯಾಗಿಯೇ ಇತ್ತು, ಜಾಗವೂ ಸರಿಯಾಗಿತ್ತು. 1913ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಹೆನ್ರಿ ಮೋಸ್ಲಿ ಎಕ್ಸ್-ಕಿರಣಗಳ ಅಧ್ಯಯನದಿಂದ ಧಾತುಗಳ ಕ್ರಮವನ್ನು ನಿರ್ಧರಿಸುವುದು ತೂಕವಲ್ಲ, ಪರಮಾಣು ಬೀಜದ ಆವೇಶ ಎಂದು ತೋರಿಸಿದರು. ಆ ಲೆಕ್ಕದಲ್ಲಿ ಟೆಲ್ಲುರಿಯಂ 52, ಅಯೋಡಿನ್ 53.