ಲಿಫ್ಟ್ ಬಳಸಬೇಡಿ ಅಂತ ಬೋರ್ಡ್ ಇದೆ, ವೀಲ್‌ಚೇರ್‌ನಲ್ಲಿರುವವರು ಇಳಿಯುವುದು ಹೇಗೆ?

ಓದುಗರ ಪ್ರಶ್ನೆ: ನಾವು ಹಾಸನದವರು. ಸ್ಟ್ರೋಕ್ ಆದ ಮೇಲೆ ನಮ್ಮ ಅತ್ತೆಯವರು ವೀಲ್‌ಚೇರ್‌ನಲ್ಲೇ ಓಡಾಡುತ್ತಾರೆ. ಆಸ್ಪತ್ರೆ, ಸರ್ಕಾರಿ ಕಚೇರಿ, ಮದುವೆ ಮನೆ ಅಂತ ಆಗಾಗ ಮೇಲಿನ ಮಹಡಿಗೆ ಕರೆದುಕೊಂಡು ಹೋಗಬೇಕಾಗುತ್ತದೆ. ಲಿಫ್ಟ್ ಪಕ್ಕ ‘ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ, ಮೆಟ್ಟಿಲು ಬಳಸಿ’ ಅಂತ ಬರೆದಿರುತ್ತದೆ. ಹಾಗಾದರೆ ಅವರನ್ನು ಇಳಿಸುವುದು ಹೇಗೆ? ಕಟ್ಟಡ ತಪಾಸಣೆಗೆ ಬರುವವರು ಇದನ್ನು ನೋಡುವುದಿಲ್ಲವಾ?

ಉತ್ತರ: ಮೆಟ್ಟಿಲಲ್ಲೇ ಇಳಿಸಬೇಕು, ಜನರೇ ಹೊತ್ತು ಇಳಿಸಬೇಕು. ಹೆಚ್ಚಿನ ಕಟ್ಟಡಗಳಲ್ಲಿ ಬೇರೆ ದಾರಿ ಇಲ್ಲ. ಆದರೆ ಗಾಬರಿಯಲ್ಲಿ ಎತ್ತಿಕೊಂಡು ಓಡುವುದಲ್ಲ. ಮೊದಲು ಹೊಗೆ ನುಗ್ಗದ ಜಾಗ ಸೇರಿಸಬೇಕು, ಆಮೇಲೆ ನಿಧಾನವಾಗಿ ಇಳಿಸಬೇಕು. ತಪಾಸಣೆಯ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ, ಅದಕ್ಕೆ ಆಮೇಲೆ ಬರುತ್ತೇನೆ.

ಲಿಫ್ಟ್ ಯಾಕೆ ಬೇಡ ಅನ್ನುವುದು ನಿಮಗೆ ಗೊತ್ತಿರಬಹುದು. ಕರೆಂಟ್ ಹೋದರೆ ನಡುವೆ ಸಿಕ್ಕಿಕೊಳ್ಳುತ್ತೀರಿ. ಬೆಂಕಿ ಇರುವ ಮಹಡಿಯಲ್ಲೇ ಬಾಗಿಲು ತೆರೆದುಕೊಳ್ಳಬಹುದು. ಅದಕ್ಕಿಂತ ಮುಖ್ಯವಾಗಿ, ಲಿಫ್ಟ್ ಮೇಲೆ ಕೆಳಗೆ ಓಡುವ ಕೊಳವೆಯಂಥ ಜಾಗ ಹೊಗೆಗೆ ಚಿಮಣಿ ಇದ್ದ ಹಾಗೆ. ಕೆಳಗಿನ ಹೊಗೆಯೆಲ್ಲ ಅದರಲ್ಲೇ ಮೇಲೇರುತ್ತದೆ. ಬೆಂಕಿ ಅನಾಹುತದಲ್ಲಿ ಸುಟ್ಟು ಸಾಯುವವರಿಗಿಂತ ಹೊಗೆ ಕುಡಿದು ಸಾಯುವವರೇ ಜಾಸ್ತಿ.

ಹಾಗಾಗಿ ಮೇಲಿನ ಮಹಡಿಯಲ್ಲಿದ್ದಾಗ ನೀವು ಹುಡುಕಬೇಕಾದ್ದು ಗೋಡೆಯಿಂದ, ಬಾಗಿಲಿನಿಂದ ಮುಚ್ಚಿದ ಮೆಟ್ಟಿಲು. ಒಳ್ಳೆಯ ಕಟ್ಟಡದಲ್ಲಿ ಮೆಟ್ಟಿಲಿನ ಬಾಯಿಗೆ ಬೆಂಕಿ ತಡೆಯುವ ಭಾರದ ಬಾಗಿಲು ಇರುತ್ತದೆ, ಬಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಅದರ ಒಳಗಿನ ಮೂಲೆಯಲ್ಲಿ, ಇಳಿಯುವವರಿಗೆ ಅಡ್ಡ ಆಗದ ಹಾಗೆ ವೀಲ್‌ಚೇರ್ ನಿಲ್ಲಿಸಿ, ಬಾಗಿಲು ಮುಚ್ಚಿಕೊಂಡರೆ ಸ್ವಲ್ಪ ಸಮಯ ಸಿಗುತ್ತದೆ. ನೀವು ಜೊತೆಗೇ ಇರಿ. 112 ಅಥವಾ 101ಕ್ಕೆ ಫೋನ್ ಮಾಡಿ, ‘ನಡೆಯಲಾಗದ ಒಬ್ಬರು ಇದ್ದಾರೆ, ಎರಡನೇ ಮಹಡಿ, ಲಿಫ್ಟ್ ಪಕ್ಕದ ಮೆಟ್ಟಿಲು’ ಅಂತ ಜಾಗ ಸಮೇತ ಹೇಳಿ. ಅಲ್ಲಿಗೂ ಹೊಗೆ ಬಂದರೆ ಕಾಯಬೇಡಿ, ಇದ್ದ ಜನರಲ್ಲೇ ಇಳಿಸಿ.

ಹೊತ್ತು ಇಳಿಸುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಎಷ್ಟೋ ಅಜ್ಜ ಅಜ್ಜಿಯರು ಡೋಲಿಯಲ್ಲಿ ಕೂತೇ ಹತ್ತಿ ಇಳಿಯುತ್ತಾರೆ. ಡೋಲಿಯವರನ್ನು ಒಮ್ಮೆ ಗಮನಿಸಿ ನೋಡಿ. ಹೆಜ್ಜೆಗೆ ಹೆಜ್ಜೆ ಕೂಡುತ್ತದೆ, ಕೂತವರು ವಾಲುವುದಿಲ್ಲ. ಅದು ದಿನವೂ ಮಾಡಿ ಬಂದ ಅಭ್ಯಾಸ. ಕಟ್ಟಡದ ಸಿಬ್ಬಂದಿಗೆ ಇಲ್ಲದಿರುವುದು ಅದೇ. ಈಗ ಇವ್ಯಾಕ್ಯುಯೇಷನ್ ಚೇರ್ ಅಂತ ಮಡಚುವ ಕುರ್ಚಿ ಬರುತ್ತದೆ. ಮೆಟ್ಟಿಲಿನ ಅಂಚಿನ ಮೇಲೆ ಪಟ್ಟಿಯಲ್ಲಿ ಜಾರುತ್ತಾ ಇಳಿಯುತ್ತದೆ, ಕಲಿತವರಾದರೆ ಒಬ್ಬರೋ ಇಬ್ಬರೋ ಸಾಕು. ಕಲಿಯದವರ ಕೈಗೆ ಕೊಟ್ಟರೆ ಅದೂ ಗೋಡೆಗೆ ನೇತು ಹಾಕಿದ ಅಲಂಕಾರವೇ.

ಆ ಕುರ್ಚಿ ಇಲ್ಲದಿದ್ದರೆ ಕೈಯಲ್ಲೇ ಎತ್ತಬೇಕು. ಮಾಮೂಲಿ ವೀಲ್‌ಚೇರ್ ಆದರೆ ಮುಖ ಕೆಳಗಿನ ಮೆಟ್ಟಿಲ ಕಡೆ ಇರಲಿ. ಕುರ್ಚಿಯನ್ನು ಹಿಂದಕ್ಕೆ ವಾಲಿಸಿ, ಗಟ್ಟಿ ಆಳು ಹಿಂದೆ ಹಿಡಿಕೆ ಹಿಡಿಯಬೇಕು, ಮುಂದಿನವರು ಚೌಕಟ್ಟು ಹಿಡಿಯಬೇಕು. ದೊಡ್ಡ ಚಕ್ರ ಒಂದೊಂದೇ ಮೆಟ್ಟಿಲು ಇಳಿಯಲಿ. ಕೈ ಇಡುವ ಜಾಗ, ಕಾಲು ಇಡುವ ಹಲಗೆ ಹಿಡಿಯಬಾರದು. ಎಷ್ಟೋ ಕುರ್ಚಿಗಳಲ್ಲಿ ಅವು ಕಳಚುವ ಭಾಗಗಳು, ಎತ್ತಿದ ತಕ್ಷಣ ಕೈಗೇ ಬರುತ್ತವೆ. ಬ್ಯಾಟರಿ ಕುರ್ಚಿ ಆದರೆ ಅದನ್ನು ಅಲ್ಲೇ ಬಿಡಿ, ಆ ಭಾರ ಹೊರಲು ಆಗುವುದಿಲ್ಲ. ಆಗ ಚಿಕ್ಕವರಿದ್ದಾಗ ಇಬ್ಬರು ಕೈಗೆ ಕೈ ಹೆಣೆದು ಮೂರನೆಯವನನ್ನು ಕೂರಿಸಿಕೊಂಡು ಓಡುತ್ತಿದ್ದೆವಲ್ಲ, ಆ ಆಟವೇ ಉಪಯೋಗಕ್ಕೆ ಬರುತ್ತದೆ.

ಆಸ್ಪತ್ರೆಯ ಲೆಕ್ಕ ಬೇರೆ. ಅಲ್ಲಿ ಮಲಗಿದವರನ್ನೆಲ್ಲ ಒಟ್ಟಿಗೆ ಮೆಟ್ಟಿಲಲ್ಲಿ ಇಳಿಸಲು ಸಾಧ್ಯವೇ ಇಲ್ಲ. ಅದಕ್ಕೇ ಮೊದಲು ಅದೇ ಮಹಡಿಯಲ್ಲಿ ಬೆಂಕಿ ತಡೆಯುವ ಬಾಗಿಲು ದಾಟಿಸಿ ಪಕ್ಕದ ಭಾಗಕ್ಕೆ ಸರಿಸುತ್ತಾರೆ. ಮಂಚ ಉರುಳಿಸಿಕೊಂಡು, ಇಲ್ಲದಿದ್ದರೆ ಹಾಸಿಗೆ ಸಮೇತ ನೆಲದ ಮೇಲೆ ಎಳೆದುಕೊಂಡು. ಇಳಿಸುವುದು ಆಮೇಲಿನ ಮಾತು. ಆ ಬಾಗಿಲು ಮುಚ್ಚದಂತೆ ಇಟ್ಟಿಗೆ ಇಟ್ಟಿದ್ದರೆ ಈ ಉಪಾಯವೆಲ್ಲ ನೀರಲ್ಲಿ ಹೋಮ. 2011ರ ಡಿಸೆಂಬರ್ 9ರ ಬೆಳಗಿನ ಜಾವ ಕೊಲ್ಕತ್ತಾದ ಎಎಂಆರ್‌ಐ ಆಸ್ಪತ್ರೆಯಲ್ಲಿ ಬೆಂಕಿ ಹತ್ತಿದ್ದು ನೆಲಮಾಳಿಗೆಯಲ್ಲಿ. ಹೊಗೆ ಮೇಲಿನ ವಾರ್ಡುಗಳಿಗೆ ಏರಿತು. ಸತ್ತವರು ಸುಮಾರು 90 ಜನ, ಹೆಚ್ಚಿನವರು ಹಾಸಿಗೆಯಿಂದ ಏಳಲಾಗದ ರೋಗಿಗಳು.

ಇನ್ನು ತಪಾಸಣೆ. ದೊಡ್ಡ ಸಾರ್ವಜನಿಕ ಕಟ್ಟಡಗಳಿಗೆ ಅಗ್ನಿಶಾಮಕ ಮತ್ತು ತುರ್ತು ಸೇವೆಗಳ ಇಲಾಖೆಯ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ಬೇಕು. ಅವರು ನೀರಿನ ಟ್ಯಾಂಕ್, ಪಂಪ್, ಹೋಸ್, ಅಲಾರಂ, ಮೆಟ್ಟಿಲಿನ ಅಗಲ, ಹೊರಬಾಗಿಲು ನೋಡುತ್ತಾರೆ. ಅಳತೆಗೆ ಆಧಾರ 2016ರ ರಾಷ್ಟ್ರೀಯ ಕಟ್ಟಡ ಸಂಹಿತೆ. ಅದರ ನಾಲ್ಕನೇ ಭಾಗ ಪೂರ್ತಿ ಬೆಂಕಿ ಸುರಕ್ಷತೆಯದ್ದು. ರ‍್ಯಾಂಪ್, ಶೌಚಾಲಯ, ಕೈಕಂಬಿ ನೋಡುವುದು ಬೇರೆ ತಂಡ, ಬೇರೆ ಇಲಾಖೆಯ ಲೆಕ್ಕದಲ್ಲಿ. ಒಬ್ಬರು ಬೆಂಕಿ ನೋಡಿದರು, ಇನ್ನೊಬ್ಬರು ರ‍್ಯಾಂಪ್ ನೋಡಿದರು. ವೀಲ್‌ಚೇರ್‌ನವರು ಒಳಗೆ ಬರುವುದು ಹೇಗೆ ಅಂತ ಕೇಳಿದರು, ಹೊರಗೆ ಹೋಗುವುದು ಹೇಗೆ ಅಂತ ಕೇಳಲಿಲ್ಲ. ನನ್ನ ತಕರಾರು ಇಷ್ಟೇ.

ನಂಬಿಕೆ ಇಲ್ಲದಿದ್ದರೆ ಯಾವುದಾದರೂ ಕಟ್ಟಡದ ಹಿಂದೆ ಹೋಗಿ ನೋಡಿ. ಮುಂಬಾಗಿಲಿಗೆ ರ‍್ಯಾಂಪ್ ಇರುತ್ತದೆ, ಉದ್ಘಾಟನೆಯ ಫೋಟೋದಲ್ಲೂ ಬಂದಿರುತ್ತದೆ. ತುರ್ತು ಬಾಗಿಲು ಇರುವುದು ಹಿಂದೆ. ಅಲ್ಲಿ ಎರಡು ಮೆಟ್ಟಿಲು, ಕೆಳಗೆ ಜಲ್ಲಿ, ಪಕ್ಕದಲ್ಲಿ ಜನರೇಟರ್.

ಕಳೆದ ವರ್ಷ ನೆಂಟರ ಮದುವೆಗೆ ಒಂದು ಕಲ್ಯಾಣ ಮಂಟಪಕ್ಕೆ ಹೋಗಿದ್ದೆ. ನಮ್ಮ ಕಡೆ ಅನೇಕ ಮಂಟಪಗಳ ಹಾಗೆ ಅಲ್ಲೂ ಊಟದ ಹಾಲ್ ನೆಲಮಾಳಿಗೆಯಲ್ಲಿ, ಅಡುಗೆಮನೆ ಅದಕ್ಕೆ ಅಂಟಿಕೊಂಡೇ ಇತ್ತು, ಗ್ಯಾಸ್ ಸಿಲಿಂಡರ್‌ಗಳ ಸಾಲು ಸಮೇತ. ಹಿಂದಿನ ಬಾಗಿಲ ಮೇಲೆ ಹಸಿರು ದೀಪ, ಓಡುವ ಮನುಷ್ಯನ ಚಿತ್ರ, ಎಲ್ಲ ಸರಿ. ಬಾಗಿಲ ಮುಂದೆ ಕುರ್ಚಿಗಳ ಗೋಪುರ, ಹಿಂದೆ ಬೀಗ. ಕೀ ಯಾರ ಹತ್ತಿರ ಇದೆ ಅಂತ ಕೇಳಿದೆ. ‘ಮ್ಯಾನೇಜರ್ ಹತ್ರ ಸಾರ್, ಅವರು ಬೇಲೂರಿಗೆ ಹೋಗಿದ್ದಾರೆ’ ಅಂದರು. ನನಗೆ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತಿದ್ದರು. ಬಾಲ್ಕನಿಯಲ್ಲಿ ದಾರಿ ಮುಚ್ಚಿ ಹೆಚ್ಚುವರಿ ಸೀಟು ಹಾಕಿದ್ದರಿಂದ ಅಲ್ಲಿದ್ದವರಿಗೆ ಹೊರಗೆ ಬರಲಾಗಲಿಲ್ಲ. ಅವರಲ್ಲಿ ಹೆಚ್ಚಿನವರು ನಡೆಯಬಲ್ಲವರೇ ಆಗಿದ್ದರು.

ಹೋದ ಕಟ್ಟಡದಲ್ಲಿ ನೀವೇ ಐದು ನಿಮಿಷ ಕಣ್ಣಾಡಿಸಬಹುದು, ಅದಕ್ಕೆ ಯಾರ ಅನುಮತಿಯೂ ಬೇಡ. ಹಿಂದಿನ ಬಾಗಿಲು ನಿಮ್ಮ ಕೈಯಲ್ಲೇ ತೆರೆಯುತ್ತದಾ? ಹೊರಕ್ಕೆ ತೆರೆಯಬೇಕು, ಒಳಕ್ಕಲ್ಲ. ಜನ ಒತ್ತಿ ನಿಂತರೆ ಒಳಕ್ಕೆ ತೆರೆಯುವ ಬಾಗಿಲು ಗೋಡೆಗೆ ಸಮ. ವೀಲ್‌ಚೇರ್ ಸರಾಗವಾಗಿ ಹೋಗಲು 90 ಸೆಂಟಿಮೀಟರ್ ಆದರೂ ತೆರಪು ಬೇಕು. ಬೆಂಕಿ ಆರಿಸುವ ಕೆಂಪು ಸಿಲಿಂಡರ್‌ನಲ್ಲಿ ಒತ್ತಡ ತೋರಿಸುವ ಮುಳ್ಳು ಹಸಿರು ಭಾಗದಲ್ಲಿದೆಯಾ, ಚೀಟಿಯಲ್ಲಿ ಮುಂದಿನ ತಪಾಸಣೆಯ ದಿನಾಂಕ ಮುಗಿದಿದೆಯಾ ನೋಡಿ. ಮೂತಿ ಕಹಳೆಯ ಹಾಗಿರುವ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ನಲ್ಲಿ ಮುಳ್ಳು ಇರುವುದಿಲ್ಲ, ಅದನ್ನು ತೂಕ ಹಾಕಿಯೇ ನೋಡಬೇಕು. ರ‍್ಯಾಂಪ್‌ಗೆ 1ಕ್ಕೆ 12ರ ಲೆಕ್ಕ. ಜಗಲಿ 45 ಸೆಂಟಿಮೀಟರ್ ಎತ್ತರ ಇದ್ದರೆ ರ‍್ಯಾಂಪ್ 5.4 ಮೀಟರ್ ಉದ್ದ ಇರಬೇಕು. ಒಂದೂವರೆ ಮೀಟರ್‌ನಲ್ಲಿ ಮುಗಿಸಿದ್ದರೆ ಅದು ಬೈಕ್ ಹತ್ತಿಸಲು ಮಾಡಿದ್ದು, ಸುಮ್ನೆ ರ‍್ಯಾಂಪ್ ಅನ್ನುತ್ತಾರೆ. ಕಿವಿ ಕೇಳದವರಿಗೆ ಅಲಾರಂ ಜೊತೆ ಮಿನುಗುವ ದೀಪ ಇದ್ದರೆ ಆ ಕಟ್ಟಡದವರು ಯೋಚನೆ ಮಾಡಿದ್ದಾರೆ ಅಂತ ಅರ್ಥ.

ಕಾನೂನು ನಿಮ್ಮ ಕಡೆಯೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 8ನೇ ಕಲಂ ಪ್ರಕಾರ ಅನಾಹುತದ ಹೊತ್ತಿನಲ್ಲಿ ಅವರಿಗೂ ಸಮಾನ ರಕ್ಷಣೆ ಸಿಗಬೇಕು. ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಜಿಲ್ಲೆಯ ವಿಕಲಚೇತನರ ವಿವರ ಇಟ್ಟುಕೊಂಡಿರಬೇಕು ಅಂತಲೂ ಅದೇ ಕಲಂ ಹೇಳುತ್ತದೆ. ಇರುವ ಸಾರ್ವಜನಿಕ ಕಟ್ಟಡಗಳನ್ನು ಎಲ್ಲರೂ ಬಳಸುವಂತೆ ಮಾಡಲು 45ನೇ ಕಲಂ ಕೊಟ್ಟಿದ್ದು ಐದು ವರ್ಷ. ನಿಯಮ ಬಂದಿದ್ದು 2017ರಲ್ಲಿ, ಲೆಕ್ಕ ನೀವೇ ಹಾಕಿ. ಇಂಥ ನಿಯಮಗಳು ಬರೀ ಸಲಹೆಯ ಹಾಗಿದ್ದರೆ ಸಾಲದು, ಕಡ್ಡಾಯ ಆಗಬೇಕು ಅಂತ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿತು.

ಕೆಲಸ ಆಗಬೇಕಾದರೆ ಬರವಣಿಗೆಯಲ್ಲಿ ಕೇಳಿ. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅಗ್ನಿಶಾಮಕ ಇಲಾಖೆಗೆ ಅರ್ಜಿ ಹಾಕಬಹುದು. ಈ ಕಟ್ಟಡಕ್ಕೆ ಎನ್‌ಒಸಿ ಇದೆಯಾ, ಕೊನೆಯ ತಪಾಸಣೆ ಯಾವಾಗ ಆಯಿತು, ಅದರ ವರದಿಯ ಪ್ರತಿ ಕೊಡಿ. ಇಷ್ಟೇ ಸಾಕು. ಉತ್ತರಕ್ಕೆ 30 ದಿನದ ಗಡುವು. ದೂರು ಕೊಡಲು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿ ಇದೆ. ಅಲ್ಲಿ ಆಗದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರಿದ್ದಾರೆ. ಸಣ್ಣ ವಿಷಯಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ. ಮಂಟಪ ಬುಕ್ ಮಾಡುವಾಗಲೇ, ಅಡ್ವಾನ್ಸ್ ಕೊಡುವ ಮುಂಚೆ, ಹಿಂದಿನ ಬಾಗಿಲ ಬೀಗ ತೆಗೆಸಿ ಅಂತ ಹೇಳಿ ನೋಡಿ. ಕೈಯಲ್ಲಿ ದುಡ್ಡು ಇರುವಾಗ ಮಾತು ಬೇಗ ಕೇಳಿಸುತ್ತದೆ.

ಇನ್ನೊಂದು ಮಾತು, ಇದು ನಿಮ್ಮ ಮನೆಗೆ. ಒಂದು ಭಾನುವಾರ ಮನೆಯ ಮುಂದಿನ ಮೂರು ಮೆಟ್ಟಿಲಲ್ಲಿ ಎತ್ತಿ ಇಳಿಸುವುದನ್ನು ಅಭ್ಯಾಸ ಮಾಡಿ. ಮೊದಲು ಖಾಲಿ ಕುರ್ಚಿ, ಆಮೇಲೆ ನಿಮ್ಮ ಯಜಮಾನರನ್ನೋ ಮಗನನ್ನೋ ಕೂರಿಸಿ, ಕೊನೆಗೆ ಅವರು ಒಪ್ಪಿದರೆ ಅತ್ತೆ. ಸ್ಟ್ರೋಕ್ ಆದ ಕಡೆಯ ಕೈ ಹಿಡಿದು ಯಾವತ್ತೂ ಎಳೆಯಬೇಡಿ, ಭುಜದ ಕೀಲು ಜಾರಿಬಿಡುತ್ತದೆ. ಎಲ್ಲಿ ಹಿಡಿದರೆ ನೋವಾಗುತ್ತದೆ, ಎಲ್ಲಿ ಹಿಡಿದರೆ ಭಯ ಆಗುವುದಿಲ್ಲ ಅನ್ನುವುದನ್ನು ಅವರನ್ನೇ ಕೇಳಿ.