ನಿವೃತ್ತಿಯಾದ ಮೇಲೆ ಬೆಳಗಿನ ವಾಕಿಂಗ್ ಒಂದೇ ಸಾಕೆ?

ಪ್ರಶ್ನೆ: ಅಪ್ಪ ಕಳೆದ ವರ್ಷ ನಿವೃತ್ತರಾದರು. ಬೆಳಿಗ್ಗೆ ಒಂದು ಗಂಟೆ ವಾಕಿಂಗ್ ತಪ್ಪಿಸುವುದಿಲ್ಲ. ಬಂದ ಮೇಲೆ ರಾತ್ರಿವರೆಗೂ ಪೇಪರ್, ಟಿವಿ, ಮೊಬೈಲ್. ನಾಲ್ಕು ಜನರ ಜೊತೆ ಬೆರೆಯಿರಿ ಅಂದರೆ ‘ವಾಕಿಂಗ್ ಆಯ್ತಲ್ಲ’ ಅನ್ನುತ್ತಾರೆ. ಅಷ್ಟು ಸಾಕೆ?

ಉತ್ತರ: ಸಾಲದು. ವಾರಕ್ಕೆ 150 ನಿಮಿಷದ ಬಿರುಸು ನಡಿಗೆ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ಅವರಿಗೆ ಮೂರೇ ದಿನದಲ್ಲಿ ಮುಗಿಯುತ್ತದೆ, ನಿಜ. ಅದೇ ಸಂಸ್ಥೆ 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮ ಬೇಕೆಂದೂ ಹೇಳಿದೆ. ಅದು ಯಾರ ಕಿವಿಗೂ ಬಿದ್ದಂತಿಲ್ಲ. ಸಮತಟ್ಟು ಪಾರ್ಕಿನಲ್ಲಿ ಎಷ್ಟು ಸುತ್ತು ಹಾಕಿದರೂ ತೊಡೆಗೆ ಹೆಚ್ಚು ಬಲ ಬರುವುದಿಲ್ಲ. ಬಸ್ಸಿನ ಮೆಟ್ಟಿಲು ಹತ್ತುವಾಗ ಕೈಕೊಡುವುದು ಆ ತೊಡೆಯೇ. 65 ಆಗಲಿ ಎಂದು ಕಾಯಬೇಡಿ.

ಮನೆಯಲ್ಲೇ ಪರೀಕ್ಷಿಸಿ. ಕೈಯಿಲ್ಲದ, ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಆನಿಸಿಡಿ. ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತಾರೆ, ಎಣಿಸಿ. 60ರಿಂದ 64ರ ಗಂಡಸರಲ್ಲಿ 14ಕ್ಕಿಂತ, ಹೆಂಗಸರಲ್ಲಿ 12ಕ್ಕಿಂತ ಕಡಿಮೆ ಬಂದರೆ ಕಾಲಿನ ಬಲ ವಯಸ್ಸಿಗೆ ಕಡಿಮೆ ಎಂದರ್ಥ. ಮದ್ದೂ ಇದೇ ಕುರ್ಚಿ: ದಿನ ಬಿಟ್ಟು ದಿನ ಎಂಟರಿಂದ ಹತ್ತು ಸಲ, ಎರಡು ಸುತ್ತು. ಕೂರುವಾಗ ಧೊಪ್ಪನೆ ಬೀಳದೆ ಮನಸ್ಸಿನಲ್ಲಿ ಮೂರು ಎಣಿಸುತ್ತ ಇಳಿಯಬೇಕು. ಅರ್ಧ ಲಾಭ ಇರುವುದು ಇಳಿಯುವುದರಲ್ಲೇ. ಉಸಿರು ಬಿಗಿಹಿಡಿದರೆ ಬಿಪಿ ಏರುತ್ತದೆ, ಏಳುವಾಗ ಉಸಿರು ಬಿಡಲಿ. ನಯವಾದ ಟೈಲ್ಸ್ ಮೇಲೆ ಪ್ಲಾಸ್ಟಿಕ್ ಕುರ್ಚಿ ಮಾತ್ರ ಬೇಡ, ಜಾರುತ್ತದೆ. ಮಂಡಿ ನೋಯುತ್ತಿದ್ದರೆ ಗಟ್ಟಿ ದಿಂಬು ಹಾಕಿ ಎತ್ತರಿಸಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಗಂಟೆಗಟ್ಟಲೆ ನಡೆಯುವ ಮುಂಚೆ ವೈದ್ಯರನ್ನು ಕೇಳಲಿ, ಜೇಬಿನಲ್ಲಿ ಗ್ಲೂಕೋಸ್ ಇರಲಿ.

ಇನ್ನು ಜನರ ಜೊತೆ ಬೆರೆಯುವ ಮಾತು. ‘ಆಸಕ್ತಿಯಿಲ್ಲ’ ಅನ್ನುವವರಲ್ಲಿ ಎಷ್ಟೋ ಮಂದಿಗೆ ಗುಂಪಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ, ಇಲ್ಲವೇ ಪದೇಪದೇ ಮೂತ್ರಕ್ಕೆ ಹೋಗಬೇಕು, ಹೋದಲ್ಲಿ ಶೌಚಾಲಯ ಇರುತ್ತದೋ ಇಲ್ಲವೋ ಎಂಬ ಅಳುಕು. ಎರಡನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ಮೊದಲು ಕಿವಿ ಪರೀಕ್ಷೆ, ಅಗತ್ಯವಿದ್ದರೆ ಪ್ರೊಸ್ಟೇಟ್ ತಪಾಸಣೆ, ಬುದ್ಧಿಮಾತು ಆಮೇಲೆ.

‘ಬನ್ನಿ ಹರಟೋಣ’ ಅಂದರೆ ಬರದವರು ‘ನೀವು ಬರದಿದ್ದರೆ ಕೆಲಸ ನಿಲ್ಲುತ್ತೆ’ ಅಂದರೆ ಬರುತ್ತಾರೆ. ಹಾಗಾಗಿ ದಿನ, ಹೊತ್ತು ಗೊತ್ತಿರುವ ಒಂದೇ ಒಂದು ಹೊಣೆ ಹುಡುಕಿ. ಬಡಾವಣೆ ಸಂಘದ ಕಾರ್ಯದರ್ಶಿ ಸ್ಥಾನ ಬೇಡ, ಅದು ಜಗಳದ ಗೂಡು. ಭಜನಾ ಮಂಡಳಿಯ ಲೆಕ್ಕ ಬರೆಯುವುದು, ಸಂಜೆ ಇಬ್ಬರು ಮಕ್ಕಳಿಗೆ ಗಣಿತ ಹೇಳುವುದು ಆಗಬಹುದು. ನವೆಂಬರಿನಲ್ಲಂತೂ ಕೈತುಂಬ ಕೆಲಸ: ನಿವೃತ್ತ ಸರ್ಕಾರಿ ನೌಕರರು ಪಿಂಚಣಿಗಾಗಿ, ತಾವು ಬದುಕಿದ್ದೇವೆಂದು ತೋರಿಸುವ ಜೀವನ ಪ್ರಮಾಣ ಪತ್ರ ಕೊಡುವ ತಿಂಗಳು ಅದು. ಈಗ ಮೊಬೈಲಿನಲ್ಲಿ ಮುಖ ತೋರಿಸಿಯೇ ಮುಗಿಸಬಹುದು. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗುತ್ತದೆ, ಕಣ್ಣು ಮಿಟುಕಿಸದಿದ್ದರೆ ಆ್ಯಪ್ ಒಪ್ಪುವುದಿಲ್ಲ. ಬೀದಿಯ ಹತ್ತು ಹಿರಿಯರು ಸಿಕ್ಕಿಕೊಳ್ಳುವುದು ಇಲ್ಲೇ. ಇದನ್ನು ಕಲಿತ ಒಬ್ಬರಿದ್ದರೆ ಮನೆ ಬಾಗಿಲಿಗೇ ಜನ ಬರುತ್ತಾರೆ. ಬಂದವರ ಆಧಾರ್ ಸಂಖ್ಯೆ, ಒಟಿಪಿಗಳನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳುವ ಹಳೇ ಗುಮಾಸ್ತಿಕೆ ಮಾತ್ರ ಬೇಡವೆನ್ನಿ.